ತೊಂಬತ್ತು ದಿನ ಉಂಟಲ್ಲ: ವಿಮೆ ಮುಗಿದ ಕಾರಿನ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಕುಟುಂಬದ ಪ್ರಕರಣ ಇದು. ಅಪಘಾತದ ನಂತರ ಅವರ ಕಾಗದಪತ್ರ ಜೋಡಿಸಿಕೊಡುವ ಕೆಲಸಕ್ಕೆ ನಾನು ಹೋಗಿದ್ದೆ. ಎರಡೂ ಕಡೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು ಬಿಟ್ಟಿದ್ದೇನೆ, ಕೆಲವು ಮೊತ್ತಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ. ಕಾರಿನ ಮಾಲಿಕರು ಇಲ್ಲಿ ‘ಅಣ್ಣ’, ಓಡಿಸುತ್ತಿದ್ದವರು ‘ತಮ್ಮ’, ಪೆಟ್ಟಾದವರು ‘ಸ್ಕೂಟರಿನವರು’.

ಹಿನ್ನೆಲೆ

ಅಣ್ಣ ಗಲ್ಫ್‌ನಲ್ಲಿ ಕೆಲಸದಲ್ಲಿದ್ದಾರೆ. 2019ರ ಆಗಸ್ಟ್‌ನಲ್ಲಿ ರಜೆಗೆ ಬಂದಾಗ ಮನೆಗೊಂದು ಪೆಟ್ರೋಲ್ ಕಾರು ತೆಗೆದರು. 1200 ಸಿಸಿ ಒಳಗಿನದು, ಕೆಎಲ್ 14 ನೋಂದಣಿ, ಬ್ಯಾಂಕ್ ಸಾಲ. ಆರ್‌ಸಿ ಅಣ್ಣನ ಹೆಸರಿನಲ್ಲಿ, ಕೀಲಿ ತಮ್ಮನ ಕೈಯಲ್ಲಿ. ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಕ್ಕೆ, ಪೇಟೆಗೆ, ಮದುವೆ ಮುಂಜಿಗೆ ಆ ಕಾರು. ಗಲ್ಫ್ ಸಂಬಳ ಬರುವ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ? ಹೆಸರು ಒಬ್ಬರದು, ಓಡಾಟ ಇನ್ನೊಬ್ಬರದು.

ಹೊಸ ಕಾರಿನ ವಿಮೆ ಬಗ್ಗೆ ಒಂದು ವಿಷಯ ಗೊತ್ತಿದ್ದರೆ ಮುಂದಿನದ್ದು ಅರ್ಥವಾಗುತ್ತದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ಭಾಗವನ್ನು, ಒಟ್ಟಿಗೇ ಕಟ್ಟಬೇಕು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದ ನಿಯಮ ಅದು. ನಮ್ಮದೇ ಕಾರಿಗೆ ಆಗುವ ಹಾನಿಯ ಭಾಗವನ್ನು, ಅಂದರೆ ಓಡಿಯನ್ನು, ವರ್ಷಕ್ಕೊಮ್ಮೆ ನವೀಕರಿಸಿದರೆ ಸಾಕು. ಈ ಮನೆಯಲ್ಲಿ ಎರಡು ಸಲ ಹಾಗೆ ನವೀಕರಣ ಆಗಿತ್ತು. ಪ್ರತಿ ಸಲ ಶೋರೂಮ್‌ನಿಂದ ಫೋನ್ ಬರುತ್ತಿತ್ತು, ಅಣ್ಣ ಅಲ್ಲಿಂದಲೇ ಹಣ ಹಾಕುತ್ತಿದ್ದರು. ಕ್ಲೇಮ್ ಒಂದೂ ಇರಲಿಲ್ಲ. ಹಾಗಾಗಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಓಡಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, 20, 25 ಆಗಿ ಮೂರನೇ ವರ್ಷದ ಕೊನೆಗೆ ಶೇಕಡಾ 35ಕ್ಕೆ ಬಂದಿತ್ತು.

2022ರ ಆಗಸ್ಟ್‌ನಲ್ಲಿ ಎರಡೂ ಭಾಗ ಒಂದೇ ರಾತ್ರಿ ಮುಗಿದವು. ಅಣ್ಣನ ಊರಿನ ಸಿಮ್ ರೀಚಾರ್ಜ್ ಇಲ್ಲದೆ ಬಂದ್ ಆಗಿತ್ತು. ಶೋರೂಮ್‌ನವರ ಹತ್ತಿರ ಇದ್ದದ್ದು ಅದೇ ನಂಬರ್. ಮೆಸೇಜು, ಫೋನು ಎಲ್ಲ ಅಲ್ಲಿಗೇ ಹೋಗಿರಬೇಕು. ತಮ್ಮನ ನಂಬರ್ ಎಲ್ಲೂ ಇರಲಿಲ್ಲ.

ಗೊತ್ತಾದ ಮೇಲಿನ ವಾರಗಳು

ವಿಮೆ ಮುಗಿದದ್ದು ಅಪಘಾತದ ದಿನವೇ ಗೊತ್ತಾಯಿತು ಎಂದುಕೊಂಡರೆ ತಪ್ಪು. ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊಗೆ ತಪಾಸಣೆಗೆ ಹೋದಾಗ ಅಲ್ಲಿನ ಹುಡುಗ ಕಂಪ್ಯೂಟರ್ ನೋಡಿ, ‘ಇನ್ಶೂರೆನ್ಸ್ ಇಲ್ಲವಲ್ಲ’ ಎಂದಿದ್ದ. ತಮ್ಮ ಅವತ್ತು ರಾತ್ರಿಯೇ ಅಣ್ಣನಿಗೆ ಫೋನ್ ಮಾಡಿದರು. ಇಬ್ಬರೂ ಸೋಮಾರಿಗಳಲ್ಲ, ಕಾನೂನು ತಪ್ಪಿಸುವವರೂ ಅಲ್ಲ. ನನಗೆ ಈ ಪ್ರಕರಣ ಮುಖ್ಯ ಅನಿಸಿದ್ದು ಅದಕ್ಕೇ. ಗೊತ್ತಿದ್ದೂ, ಮಾಡುವ ಮನಸ್ಸಿದ್ದೂ, ಆರು ವಾರ ಹಾಗೇ ಹೋಯಿತು.

ಹೋದದ್ದು ಹೇಗೆ? ಅಣ್ಣನಿಗೆ ಆ 35 ಶೇಕಡಾ ಬೋನಸ್ ಕಳೆದುಕೊಳ್ಳುವ ಮನಸ್ಸಿರಲಿಲ್ಲ. ತಮ್ಮ ಒಬ್ಬ ಪರಿಚಯದವರನ್ನು ಕೇಳಿದರು. ಅವರು, ‘ಗಡಿಬಿಡಿ ಎಂತದಕ್ಕೆ ಮಾರಾಯ, ತೊಂಬತ್ತು ದಿನ ಉಂಟಲ್ಲ’ ಎಂದರು. ಆ ಮಾತು ಸುಳ್ಳಲ್ಲ. ಪಾಲಿಸಿ ಮುಗಿದ 90 ದಿನದೊಳಗೆ ನವೀಕರಿಸಿದರೆ ಬೋನಸ್ ಉಳಿಯುತ್ತದೆ. ಆದರೆ ಉಳಿಯುವುದು ರಿಯಾಯಿತಿ ಮಾತ್ರ. ಆ ದಿನಗಳಲ್ಲಿ ಕಾರಿಗೆ ರಕ್ಷಣೆ ಇರುವುದಿಲ್ಲ. ಜೀವ ವಿಮೆಯ ವಾರ್ಷಿಕ ಕಂತು ತಡವಾದರೆ 30 ದಿನ ಸಮಯ ಕೊಡುತ್ತಾರೆ, ಆ ನಡುವೆ ಏನಾದರೂ ಆದರೂ ಪಾಲಿಸಿ ನಡೆಯುತ್ತದೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಮೆ ಅದೊಂದೇ. ಕಾರಿಗೂ ಅದೇ ಲೆಕ್ಕ ಹಿಡಿದರು. ಕಾರಿನ ವಿಮೆಗೆ ಅಂಥ ದಿನಗಳಿಲ್ಲ. ಮುಗಿದ ರಾತ್ರಿ ಹನ್ನೆರಡಕ್ಕೆ ಮುಗಿಯಿತು. ವಿಮಾ ಕಾಯ್ದೆಯ 64ವಿಬಿ ಸೆಕ್ಷನ್ ಪ್ರಕಾರ ಪ್ರೀಮಿಯಂ ಕೈಗೆ ಬರುವ ಮೊದಲು ಕಂಪನಿಗೆ ಹೊಣೆಯೇ ಇಲ್ಲ.

ಎರಡನೇ ತಡೆ ತಪಾಸಣೆ. ನಡುವೆ ಕಡಿದುಹೋದ ಓಡಿ ಪಾಲಿಸಿಗೆ ಕಾರಿನ ವಿಡಿಯೋ ಕಳಿಸಬೇಕು. ತಮ್ಮ ಆಪ್ ಹಾಕಿಕೊಂಡು ಅಂಗಳದಲ್ಲಿ ಕಾರಿನ ಸುತ್ತ ತಿರುಗಿದರು. ಅವರ ಮನೆ ಗುಡ್ಡದ ಕೆಳಗೆ, ತೋಟದ ನಡುವೆ. ನೆಟ್‌ವರ್ಕ್ ಸಿಗದೆ ವಿಡಿಯೋ ಅಪ್‌ಲೋಡ್ ಆಗಲೇ ಇಲ್ಲ. ಪೇಟೆಗೆ ಹೋಗಿ ಮಾಡಬಹುದಿತ್ತು. ಆದರೆ ಹಿಂದಿನ ಬಂಪರ್‌ನಲ್ಲಿ ಒಂದು ಗುಳಿ ಇತ್ತು. ಅದನ್ನು ಮೊದಲು ಸರಿ ಮಾಡಿಸೋಣ, ಇಲ್ಲದಿದ್ದರೆ ರಿಜೆಕ್ಟ್ ಆಗುತ್ತದೆ ಎಂದು ತಮ್ಮ ಎಣಿಸಿದರು. ನಿಜ ಹೇಳುವುದಾದರೆ ಸಣ್ಣ ಗುಳಿ, ಗೀರು ಇದ್ದರೆ ಸಾಮಾನ್ಯವಾಗಿ ಅದನ್ನು ಬರೆದಿಟ್ಟುಕೊಂಡು ಪಾಲಿಸಿ ಕೊಡುತ್ತಾರೆ. ಆ ಹಳೇ ಹಾನಿಗೆ ಹಣ ಸಿಗುವುದಿಲ್ಲ, ಅಷ್ಟೇ. ವರ್ಕ್‌ಶಾಪ್‌ನವರು ಓಣಂ ಕಳೆಯಲಿ ಎಂದರು. ಆಮೇಲೆ ನವರಾತ್ರಿ ಬಂತು.

ಇಲ್ಲೊಂದು ಸುಲಭದ ದಾರಿ ಇತ್ತು. ಥರ್ಡ್ ಪಾರ್ಟಿ ಮಾತ್ರ ಮೊದಲು ತೆಗೆಯುವುದು. ಅದಕ್ಕೆ ಸಾಮಾನ್ಯವಾಗಿ ತಪಾಸಣೆಯ ಕಿರಿಕಿರಿ ಇಲ್ಲ, ಬಂಪರ್ ಹೇಗಿದ್ದರೂ ನಡೆಯುತ್ತದೆ. 2022ರ ಜೂನ್ 1ರಿಂದ 1000ದಿಂದ 1500 ಸಿಸಿ ಕಾರಿಗೆ ಅದರ ದರ 3,416 ರೂಪಾಯಿ. ಶೇಕಡಾ 18 ಜಿಎಸ್‌ಟಿ ಸೇರಿಸಿದರೆ 4,031. ಮಾಲಿಕರ ಅಪಘಾತ ರಕ್ಷಣೆಗೆ ಇನ್ನು ಕೆಲವು ನೂರು. ಓಡಿಯನ್ನು 2019ರ ಸೆಪ್ಟೆಂಬರ್‌ನಿಂದ ಬೇರೆ ಪಾಲಿಸಿಯಾಗಿಯೂ ಕೊಡುತ್ತಾರೆ. ಗುಳಿ ತೆಗೆಸಿ, 90 ದಿನದೊಳಗೆ ನಿಧಾನಕ್ಕೆ ಅದನ್ನು ಮಾಡಿಸಿಕೊಳ್ಳಬಹುದಿತ್ತು. ಬೋನಸ್ಸೂ ಉಳಿಯುತ್ತಿತ್ತು. ಬೋನಸ್‌ನಿಂದ ಅವರಿಗೆ ಉಳಿಯುತ್ತಿದ್ದದ್ದು ಎಷ್ಟು? ನಾನು ಹಳೇ ಪಾಲಿಸಿ ಇಟ್ಟುಕೊಂಡು ಲೆಕ್ಕ ಹಾಕಿದೆ. ಮೂರು ಸಾವಿರದ ಒಳಗೆ. ಬೋನಸ್ ಸಿಗುವುದು ಓಡಿ ಪ್ರೀಮಿಯಂ ಮೇಲೆ ಮಾತ್ರ, ಥರ್ಡ್ ಪಾರ್ಟಿ ಮೇಲೆ ಒಂದು ರೂಪಾಯಿಯೂ ಇಲ್ಲ.

ಎರಡು ಭಾಗವನ್ನು ಬೇರೆ ಬೇರೆ ತೆಗೆಯಬಹುದು ಎಂದು ಅವರಿಗೆ ಯಾರೂ ಹೇಳಲಿಲ್ಲ. ಇವರೂ ಕೇಳಲಿಲ್ಲ.

ಅಕ್ಟೋಬರ್‌ನ ಒಂದು ಸಂಜೆ

ಚೆರ್ಕಳ–ಕಲ್ಲಡ್ಕ ರಸ್ತೆಯ ಒಂದು ತಿರುವು. ಮಳೆ, ಏಳು ಗಂಟೆಯ ಕತ್ತಲು. ನಿಂತಿದ್ದ ಜೀಪನ್ನು ದಾಟಿಸಲು ಹೋದ ಕಾರು ಎದುರಿನ ಸ್ಕೂಟರಿಗೆ ತಾಗಿತು. ಸ್ಕೂಟರಿನವರಿಗೆ 42 ವರ್ಷ. ಅಡಿಕೆ ಮರ ಹತ್ತಿ ಮದ್ದು ಬಿಡುವುದು, ಕೊಯ್ಲು ಮಾಡುವುದು ಅವರ ಕೆಲಸ. ಬಲಗಾಲಿನ ಮೊಣಕಾಲ ಕೆಳಗಿನ ಎಲುಬು ಎರಡು ಕಡೆ ಮುರಿಯಿತು. ಒಂದು ಆಟೋದವರು ಮತ್ತು ತಮ್ಮ ಸೇರಿ ಹತ್ತಿರದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಮಂಗಳೂರಿಗೆ ಕಳಿಸಿದರು.

ವಿಮೆ ಮುಗಿದು ಆಗಿನ್ನೂ ಎರಡು ತಿಂಗಳು. ಅಂದರೆ ಅಪಘಾತದ ದಿನ 35 ಶೇಕಡಾ ಬೋನಸ್ ಜೀವಂತವಾಗಿತ್ತು!

ಆ ರಾತ್ರಿ ಹನ್ನೊಂದರ ಹೊತ್ತಿಗೆ ಆಸ್ಪತ್ರೆಯ ವರಾಂಡದಲ್ಲಿ ಕೂತು ತಮ್ಮ ಥರ್ಡ್ ಪಾರ್ಟಿ ಪಾಲಿಸಿ ತೆಗೆದರು. ಯಾರೋ ಸಂಬಂಧಿಕರು ಫೋನಿನಲ್ಲಿ ದಾರಿ ಹೇಳಿಕೊಟ್ಟಿದ್ದರು. ಐದು ನಿಮಿಷದಲ್ಲಿ ಪಿಡಿಎಫ್ ಬಂತು. ಸೆಪ್ಟೆಂಬರ್‌ನಲ್ಲಿ ಆಗದ ಕೆಲಸ. ಆದರೆ ಆ ಪಾಲಿಸಿ ಶುರುವಾದದ್ದು ಆ ರಾತ್ರಿ ಹನ್ನೆರಡು ಗಂಟೆಯಿಂದ. ಪಾಲಿಸಿಯಲ್ಲಿ ಸಮಯ ನಮೂದಾಗಿದ್ದರೆ ರಕ್ಷಣೆಯೂ ಆ ಸಮಯದಿಂದಲೇ ಎಂದು ಸುಪ್ರೀಂ ಕೋರ್ಟ್ 1990ರ ದಶಕದಲ್ಲೇ ಹೇಳಿಯಾಗಿದೆ. ಹಿಂದಿನ ಸಮಯ ಹಾಕಿ ಕೊಡಲಿಕ್ಕೆ ಯಾವ ಕಂಪನಿಗೂ ಆಗುವುದಿಲ್ಲ.

ಅದೇ ಸಂಬಂಧಿಕರು ಇನ್ನೊಂದು ಮಾತೂ ಹೇಳಿದ್ದರು. ‘ಅಪಘಾತ ನಾಳೆ ಬೆಳಿಗ್ಗೆ ಆದದ್ದು ಅಂತ ಹೇಳು. ಎಂತದೂ ಆಗುವುದಿಲ್ಲ.’ ತಮ್ಮ ಸ್ವಲ್ಪ ಹೊತ್ತು ಆ ಯೋಚನೆಯಲ್ಲಿದ್ದರಂತೆ. ಕೊನೆಗೆ ಅತ್ತಿಗೆ ಫೋನಿನಲ್ಲಿ, ‘ಅವರ ಹೆಂಡತಿ ಅಲ್ಲೇ ಕೂತಿದ್ದಾರೆ, ನಿನಗೆ ಬಾಯಿ ಹೇಗೆ ಬರುತ್ತದೆ?’ ಎಂದು ಕೇಳಿದ ಮೇಲೆ ಬಿಟ್ಟರು. ಇಡೀ ಪ್ರಕರಣದಲ್ಲಿ ಆ ಮನೆಯವರು ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರ ಇದು ಎಂದು ನನ್ನ ಅಭಿಪ್ರಾಯ. ನೀತಿಯ ಮಾತು ಹಾಗಿರಲಿ. ಮೊದಲ ಆಸ್ಪತ್ರೆಯ ಪುಸ್ತಕದಲ್ಲಿ ಏಳೂ ನಲವತ್ತು ಎಂದು ಬರೆದಿತ್ತು. ಆಟೋದವರು ಸಾಕ್ಷಿ ಇದ್ದರು. ಸುಳ್ಳು ಹೇಳಿದ್ದರೆ ವಿಮೆ ಸಿಗುತ್ತಿರಲಿಲ್ಲ, ಮೋಸದ ಕೇಸೊಂದು ಹೆಚ್ಚಾಗುತ್ತಿತ್ತು.

ಪ್ರಯತ್ನಗಳು

ಮೊದಲು ಮಾತಿನಲ್ಲೇ ಮುಗಿಸಲು ನೋಡಿದರು. ಆಪರೇಷನ್ ಆಗಿ ಕಾಲಿಗೆ ರಾಡ್ ಹಾಕಿದ್ದರು. ತಮ್ಮ ಆಸ್ಪತ್ರೆಗೆ 1,10,000 ರೂಪಾಯಿ ಕಟ್ಟಿದರು, ಬಿಲ್ಲು ಸಿಕ್ಕಿತು. ಮನೆಖರ್ಚಿಗೆಂದು 60,000 ನಗದನ್ನು ಒಬ್ಬ ಮಧ್ಯಸ್ಥರ ಕೈಯಲ್ಲಿ ಕಳಿಸಿದರು, ಅದಕ್ಕೆ ಚೀಟಿ ಇಲ್ಲ. ಮುಂದೆ ಲೆಕ್ಕಕ್ಕೆ ಕೂತಾಗ ಬಿಲ್ಲಿನ ಹಣವನ್ನು ಎಲ್ಲರೂ ಒಪ್ಪಿದರು. ನಗದಿನ ಬಗ್ಗೆ ಎರಡು ಮನೆಗೆ ಎರಡು ಲೆಕ್ಕ ಇತ್ತು. ಕೊಟ್ಟವರಿಗೂ ಬೇಸರ, ತೆಗೆದುಕೊಂಡವರಿಗೂ ಬೇಸರ. ಬ್ಯಾಂಕ್ ಮೂಲಕ ಹಾಕಿದ್ದರೆ ಆ ಜಗಳವೇ ಇರುತ್ತಿರಲಿಲ್ಲ.

ಕೇಸು ಬೇಡ ಎಂದು ಎರಡೂ ಕಡೆಯವರು ಒಪ್ಪಿದ್ದರು ನಿಜ. ಆದರೆ ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋಗಿಯೇ ಹೋಗುತ್ತದೆ. ಮಂಗಳೂರಿನಿಂದ ಇಲ್ಲಿನ ಸ್ಟೇಷನ್‌ಗೆ ಬಂತು. ಅಜಾಗರೂಕ ಚಾಲನೆ, ಗಂಭೀರ ಗಾಯ, ಜೊತೆಗೆ ವಿಮೆ ಇಲ್ಲದೆ ಓಡಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 146 ಮತ್ತು 196ನೇ ಸೆಕ್ಷನ್ ಸೇರಿಸಿ ಕೇಸಾಯಿತು. ಈ 196ರ ಕೆಳಗೆ ಮೊದಲ ತಪ್ಪಿಗೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಇಲ್ಲಿ ದಂಡದಲ್ಲಿ ಮುಗಿಯಿತು. ವಿಮೆ ಇಲ್ಲದಿದ್ದರೆ ಎರಡು ಸಾವಿರ ಕಟ್ಟಿದರೆ ಆಯಿತು ಎಂದು ತಿಳಿದವರು ಜಾಸ್ತಿ. ಈ ಮನೆಯವರು ಕಟ್ಟಿದ ಹಣದಲ್ಲಿ ಅದೇ ಅತಿ ಸಣ್ಣದು.

ಕಾರು ಸ್ಟೇಷನ್ ಹಿತ್ತಲಲ್ಲಿ ನಿಂತಿತು. ಎಂವಿಐ, ಅಂದರೆ ಮೋಟಾರು ವಾಹನ ಇನ್ಸ್‌ಪೆಕ್ಟರ್, ಬಂದು ಬ್ರೇಕ್ ನೋಡಿ ಹೋದರು. ಸಾಮಾನ್ಯವಾಗಿ ಅಷ್ಟಾದ ಮೇಲೆ ವಾಹನ ಬಿಡಿಸಿಕೊಳ್ಳಬಹುದು. ವಿಮೆ ಇಲ್ಲದ ವಾಹನದಿಂದ ಸಾವು ಅಥವಾ ಗಾಯ ಆಗಿದ್ದರೆ ಹಾಗಲ್ಲ. ಪರಿಹಾರಕ್ಕೆ ಸಾಕಾಗುವ ಭದ್ರತೆ ಕೊಡದೆ ಅದನ್ನು ಬಿಡಬಾರದು, ಮೂರು ತಿಂಗಳಲ್ಲಿ ಕೊಡದಿದ್ದರೆ ಹರಾಜು ಹಾಕಿ ಹಣವನ್ನು ಅಪಘಾತ ಪರಿಹಾರದ ಟ್ರಿಬ್ಯೂನಲ್‌ನಲ್ಲಿ ಇಡಬೇಕು, ಇಂಥ ನಿಯಮವನ್ನು ಎಲ್ಲ ರಾಜ್ಯಗಳೂ ಮಾಡಲಿ ಎಂದು 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಭದ್ರತೆಗೆಂದು ಜಾಗದ ಕಾಗದ ಕೊಡಲು ತಮ್ಮ ಹೊರಟರು. ತೋಟ ಇನ್ನೂ ಪಾಲಾಗಿರಲಿಲ್ಲ. ಅಮ್ಮ, ಇಬ್ಬರು ಅಕ್ಕಂದಿರು, ಎಲ್ಲರೂ ಸಹಿ ಹಾಕಬೇಕು. ಒಬ್ಬ ಬಾವ ಒಪ್ಪಲಿಲ್ಲ. ಅವರನ್ನೂ ದೂರುವ ಹಾಗಿಲ್ಲ, ಯಾರದ್ದೋ ಕಾರಿಗೆ ಹೆಂಡತಿಯ ಪಾಲು ಯಾಕೆ ಅಡವಿಡಬೇಕು? ಕೊನೆಗೆ ಅಣ್ಣ ಮನೆಯ ಮಾಳಿಗೆಗೆಂದು ಇಟ್ಟಿದ್ದ ಮೂರು ಲಕ್ಷದ ಎಫ್‌ಡಿಯನ್ನು ಭದ್ರತೆಗೆ ಕೊಟ್ಟರು. ಅಷ್ಟರವರೆಗೆ ಕಾರು ಮಳೆಯಲ್ಲೇ ಇತ್ತು, ಸಾಲದ ಕಂತು ಮಾತ್ರ ಪ್ರತಿ ತಿಂಗಳು ಹೋಗುತ್ತಿತ್ತು.

ಅಣ್ಣನಿಗೆ ಬಂದ ನೋಟಿಸು

2023ರ ಫೆಬ್ರವರಿಯಲ್ಲಿ ಸ್ಕೂಟರಿನವರ ಕಡೆಯಿಂದ ಕಾಸರಗೋಡಿನ ಮೋಟಾರು ಅಪಘಾತ ಪರಿಹಾರ ಟ್ರಿಬ್ಯೂನಲ್‌ಗೆ ಅರ್ಜಿ ಹೋಯಿತು. ಅಪಘಾತವಾಗಿ ಆರು ತಿಂಗಳೊಳಗೆ ಹಾಕಬೇಕು ಎಂಬ ನಿಯಮ ಆಗ ಜಾರಿಯಲ್ಲಿತ್ತು, ಅವರ ವಕೀಲರು ಅದನ್ನು ಸರಿಯಾಗಿ ನೋಡಿಕೊಂಡಿದ್ದರು. ಅರ್ಜಿಯಲ್ಲಿ ಮೊದಲ ಹೆಸರು ಅಣ್ಣನದು.

ಅಣ್ಣನಿಗೆ ಇದು ಅರ್ಥವೇ ಆಗಲಿಲ್ಲ. ‘ನಾನು ಅವತ್ತು ಊರಲ್ಲೇ ಇಲ್ಲ, ಗಾಡಿ ಓಡಿಸಿದ್ದೂ ನಾನಲ್ಲ’ ಎಂದು ನನ್ನ ಹತ್ತಿರವೂ ವಾದ ಮಾಡಿದರು. ಪಾಸ್‌ಪೋರ್ಟಿನ ಸೀಲು ತೋರಿಸಿದರು. ಕಾನೂನು ನೋಡುವುದು ಆರ್‌ಸಿಯಲ್ಲಿ ಯಾರ ಹೆಸರು ಇದೆ ಎಂದು. ಕಾರು ಮಾರಿ ಕೀಲಿ ಕೊಟ್ಟಾಗಿದ್ದರೂ ಆರ್‌ಟಿಒ ದಾಖಲೆಯಲ್ಲಿ ಹೆಸರು ಉಳಿದಿದ್ದರೆ ಹೊಣೆ ಆ ಹೆಸರಿನವರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಇನ್ನು ತಮ್ಮನಿಗೆ ಓಡಿಸಲು ಕೊಟ್ಟ ಮಾಲಿಕರು ತಪ್ಪಿಸಿಕೊಳ್ಳುವುದು ಹೇಗೆ? ಅಣ್ಣ ಕೆಲಸಕ್ಕೆ ರಜೆ ಹಾಕಿ ಭಾರತದ ಕಾನ್ಸುಲೇಟ್‌ಗೆ ಹೋಗಿ ಅಧಿಕಾರ ಪತ್ರ ಮಾಡಿಸಿ ಕಳಿಸಬೇಕಾಯಿತು.

ವಿಮಾ ಕಂಪನಿಯನ್ನು ಹೇಗಾದರೂ ಎಳೆಯಬಹುದಾ ಎಂದು ಸ್ಕೂಟರಿನವರ ವಕೀಲರೂ ಹುಡುಕಿದರು. ಪಾಲಿಸಿ ಇದ್ದು, ಲೈಸೆನ್ಸ್ ಇಲ್ಲದ ತರಹದ ತಪ್ಪಾಗಿದ್ದರೆ ಕೋರ್ಟು ಎಷ್ಟೋ ಸಲ ಕಂಪನಿಗೆ, ‘ನೀವು ಮೊದಲು ಪರಿಹಾರ ಕೊಡಿ, ಆಮೇಲೆ ಮಾಲಿಕರಿಂದ ವಸೂಲಿ ಮಾಡಿಕೊಳ್ಳಿ’ ಎನ್ನುತ್ತದೆ. ಪಾಲಿಸಿಯೇ ಇಲ್ಲದಿದ್ದರೆ ಹೇಳಲಿಕ್ಕೆ ಕಂಪನಿಯೇ ಇಲ್ಲ. ಆ ದಿನಕ್ಕೆ ಪಾಲಿಸಿ ಇರಲಿಲ್ಲ ಎಂದು ಹಳೇ ಕಂಪನಿ ಎರಡು ಸಾಲಿನ ಉತ್ತರ ಕೊಟ್ಟಿತು.

ಸ್ಕೂಟರಿನವರ ಕಡೆ

ವಿಮೆ ಇಲ್ಲದ ಕಾರಿನ ಕಥೆ ಹೇಳುವಾಗ ನಾವು ಮಾಲಿಕರ ನಷ್ಟವನ್ನೇ ಹೇಳುತ್ತೇವೆ. ಥರ್ಡ್ ಪಾರ್ಟಿ ವಿಮೆ ಇರುವುದು ಆ ಮೂರನೆಯವರಿಗಾಗಿ ಎಂಬುದು ಮರೆತೇಹೋಗುತ್ತದೆ. ಎಂಟು ತಿಂಗಳು ಅವರಿಗೆ ಕೆಲಸ ಇರಲಿಲ್ಲ. ಹೆಂಡತಿಯ ಚಿನ್ನ ಸೊಸೈಟಿ ಬ್ಯಾಂಕಿಗೆ ಹೋಯಿತು. ರಾಡ್ ತೆಗೆಯಲು ಇನ್ನೊಂದು ಆಪರೇಷನ್. ಕಾಲು ಸೇರಿತು, ಆದರೆ ಮರ ಹತ್ತುವಾಗ ಬೇಕಾದ ಹಿಡಿತ ಬರಲಿಲ್ಲ.

ಮೆಡಿಕಲ್ ಬೋರ್ಡು ಶೇಕಡಾ 18 ಅಂಗವೈಕಲ್ಯ ಎಂದು ಬರೆದುಕೊಟ್ಟಿತು. ಇಲ್ಲಿಂದ ಲೆಕ್ಕ ಹೇಗೆ ಓಡುತ್ತದೆ ನೋಡಿ. ಸಂಬಳದ ಚೀಟಿ ಇಲ್ಲದವರಿಗೆ ಅಂದಾಜು ಆದಾಯ ಹಿಡಿಯುತ್ತಾರೆ. ಇಲ್ಲಿ ತಿಂಗಳಿಗೆ 13,500 ಎಂದು ಹಿಡಿದು ಮಾತಾಡಿದರು. 41ರಿಂದ 45 ವಯಸ್ಸಿಗೆ ಗುಣಿಸುವ ಸಂಖ್ಯೆ 14. ವರ್ಷದ ಆದಾಯವನ್ನು 14ರಿಂದ ಗುಣಿಸಿದರೆ 22,68,000. ಅದರ 18 ಶೇಕಡಾ ಎಂದರೆ ಸುಮಾರು 4.08 ಲಕ್ಷ. ಆದರೆ ಕೈಕಾಲಿನ ಶೇಕಡಾ ಒಂದೇ ಅಲ್ಲ, ಆ ಮನುಷ್ಯನ ದುಡಿಮೆ ಎಷ್ಟು ಹೋಯಿತು ಎಂದು ನೋಡಬೇಕು ಎಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಗುಮಾಸ್ತರಿಗೆ ಕಾಲು ಸ್ವಲ್ಪ ಬಿಗಿಯಾದರೆ ಒಂದು ಲೆಕ್ಕ, ಅಡಿಕೆ ಮರ ಹತ್ತುವವರಿಗೆ ಇನ್ನೊಂದು ಲೆಕ್ಕ. ಅವರ ವಕೀಲರು ಶೇಕಡಾ 35 ಕೇಳಿದರು. ಆಗ ಅದೊಂದೇ 7.93 ಲಕ್ಷ ದಾಟುತ್ತದೆ. ಆಸ್ಪತ್ರೆ ಖರ್ಚು ಒಟ್ಟು 2.6 ಲಕ್ಷ, ಎಂಟು ತಿಂಗಳ ಕೂಲಿ, ನೋವಿಗೆ ಎಂದು ಒಂದು ಮೊತ್ತ, ಅರ್ಜಿ ಹಾಕಿದ ದಿನದಿಂದ ಬಡ್ಡಿ, ಎಲ್ಲ ಬೇರೆ.

ಮುಗಿದದ್ದು

ಮಾಲಿಕರ ಕಡೆ ಎರಡು ದಾರಿ ಇತ್ತು. ಕೇಸು ನಡೆಸಿ ಸ್ಕೂಟರಿನವರ ತಪ್ಪೂ ಇತ್ತು ಎಂದು ವಾದಿಸುವುದು ಒಂದು. ಅಣ್ಣನಿಗೆ ಅದೇ ಇಷ್ಟ ಇತ್ತು. ಆಗ ಅವರ ವಕೀಲರು ಹೇಳಿದ್ದು ಇಷ್ಟೇ: ತೀರ್ಪು ಬಂದು ಹಣ ಕಟ್ಟದಿದ್ದರೆ ಟ್ರಿಬ್ಯೂನಲ್ ಕಲೆಕ್ಟರಿಗೆ ಬರೆಯುತ್ತದೆ, ಅದು ಕಂದಾಯ ಬಾಕಿಯ ತರಹ ವಸೂಲಿಗೆ ವಿಲೇಜ್ ಆಫೀಸಿಗೆ ಬರುತ್ತದೆ, ಪಾಲಾಗದ ತೋಟದಲ್ಲಿ ನಿಮ್ಮ ಪಾಲಿನ ಮೇಲೆ ಜಪ್ತಿ ನೋಟಿಸು ಬೀಳುತ್ತದೆ. ಅಮ್ಮ ಇರುವ ಮನೆಗೆ ಜಪ್ತಿ ನೋಟಿಸು ಎಂದ ಕೂಡಲೇ ಅಣ್ಣನ ವಾದ ನಿಂತಿತು.

ಸ್ಕೂಟರಿನವರಿಗೂ ಹೆದರಿಕೆ ಇತ್ತು. ಗಲ್ಫ್‌ನಲ್ಲಿರುವವರ ಹಿಂದೆ ಎಷ್ಟು ವರ್ಷ ಅಲೆಯುವುದು? ಎದುರಿಗೆ ಕಂಪನಿ ಇದ್ದಿದ್ದರೆ ಅವರು ಹನ್ನೆರಡು ಲಕ್ಷದ ಕೆಳಗೆ ಇಳಿಯುತ್ತಿರಲಿಲ್ಲ ಎಂದು ಅವರ ವಕೀಲರೇ ನನಗೆ ಹೇಳಿದರು. 2024ರ ಮಧ್ಯದಲ್ಲಿ ಲೋಕ ಅದಾಲತ್‌ನಲ್ಲಿ 8.25 ಲಕ್ಷಕ್ಕೆ ರಾಜಿ ಆಯಿತು. ಆಸ್ಪತ್ರೆಗೆ ಕಟ್ಟಿದ 1.10 ಲಕ್ಷ ಕಳೆದು ಉಳಿದ 7.15 ಲಕ್ಷ ಮೂರು ಕಂತಿನಲ್ಲಿ. ನಗದಿನ 60,000 ಯಾರ ಲೆಕ್ಕಕ್ಕೂ ಬರಲಿಲ್ಲ. ಅದಾಲತ್‌ನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ, ಹಾಗಾಗಿ ಸಹಿ ಹಾಕುವ ಮೊದಲು ಕಂತಿನ ತಾರೀಖುಗಳನ್ನು ಅಣ್ಣನ ಸಂಬಳದ ದಿನಕ್ಕೆ ಹೊಂದಿಸಿಕೊಂಡೆವು. ತಪ್ಪಿದರೆ ಬಡ್ಡಿ ಎಂದು ಬರೆಸಿದ್ದು ಸ್ಕೂಟರಿನವರ ಕಡೆ, ಅದು ಸರಿಯೇ. ಮೊದಲ ಕಂತಿಗೆ ಎಫ್‌ಡಿ ಬಿಡಿಸಿದರು. ಎರಡನೆಯದಕ್ಕೆ ಕಾರು ಮಾರಿದರು, ಪೊಲೀಸ್ ಹಿತ್ತಲಲ್ಲಿ ನಿಂತ ಗಾಡಿ ಎಂದು 2.4 ಲಕ್ಷದ ಮೇಲೆ ಯಾರೂ ಕೇಳಲಿಲ್ಲ. ಮೂರನೆಯದು 2025ರ ಆರಂಭದಲ್ಲಿ ಹೋಯಿತು. ಮಾಳಿಗೆ ಕೆಲಸ ಇನ್ನೂ ಶುರುವಾಗಿಲ್ಲ.

ಈ ಪ್ರಕರಣದ ನಂತರ ಗಲ್ಫ್‌ನಲ್ಲಿ ಮಾಲಿಕರಿರುವ ಮನೆಗಳಿಗೆ ಹೋದಾಗ ನಾನು ಮೊದಲು ಆರ್‌ಸಿ ಕೇಳುವುದಿಲ್ಲ. ಪಾಲಿಸಿಯಲ್ಲಿ ಯಾರ ಫೋನ್ ನಂಬರ್ ಇದೆ ಎಂದು ಕೇಳುತ್ತೇನೆ. ಓಡಿಸುವವರ ನಂಬರ್ ಅಲ್ಲಿ ಇರಬೇಕು. ಎಂಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ವಿಮೆಯ ಕೊನೆ ದಿನ ಕಾಣುತ್ತದೆ, ಅದನ್ನು ಅಲ್ಲೇ ತೆಗೆಸಿ ನೋಡುತ್ತೇನೆ. 2022ರ ನಂತರ ತೆಗೆದ ಕಾರಾದರೆ ಮೂರು ವರ್ಷದ ಥರ್ಡ್ ಪಾರ್ಟಿ ಯಾವ ತಿಂಗಳು ಮುಗಿಯಿತು ಅಥವಾ ಮುಗಿಯುತ್ತದೆ ಎಂದು ಬೇರೆಯೇ ಕೇಳಬೇಕು, ಯಾಕೆಂದರೆ ವರ್ಷ ವರ್ಷ ಕಟ್ಟಿದ ಓಡಿ ರಸೀದಿ ತೋರಿಸಿ ‘ಎಲ್ಲ ಉಂಟು’ ಎನ್ನುವವರೇ ಜಾಸ್ತಿ. ಮುಗಿದಿದ್ದರೆ ಬೋನಸ್ ಮಾತೇ ಎತ್ತಬೇಡಿ, ಥರ್ಡ್ ಪಾರ್ಟಿ ತೆಗೆಯುವವರೆಗೆ ಕೀಲಿ ಒಳಗಿಡಿ ಎನ್ನುತ್ತೇನೆ. ಒಬ್ಬರು ಅಜ್ಜಿ ನನ್ನ ಎದುರೇ ಕೀಲಿಯನ್ನು ಅಕ್ಕಿ ಡಬ್ಬದಲ್ಲಿ ಹಾಕಿದರು.

ಅಣ್ಣತಮ್ಮಂದಿರ ನಡುವಿನ ಲೆಕ್ಕ ಬಾಕಿ ಇದೆ. ಪರಿಹಾರ ಇಬ್ಬರ ಮೇಲೂ ಒಟ್ಟಿಗೆ ಬಂದದ್ದು, ಹಣ ಕೊಟ್ಟದ್ದು ಹೆಚ್ಚುಕಡಿಮೆ ಅಣ್ಣ ಒಬ್ಬರೇ. ತೋಟ ಪಾಲು ಮಾಡುವಾಗ ಅದನ್ನು ಹಿಡಿಯಬೇಕು ಎಂದು ಅಣ್ಣ, ಅಮ್ಮನನ್ನು ನೋಡಿಕೊಂಡ ವರ್ಷಗಳನ್ನೂ ಹಿಡಿಯಬೇಕು ಎಂದು ತಮ್ಮ. ಅಕ್ಕಂದಿರು ಮುಂದಿನ ಮೇ ತಿಂಗಳಲ್ಲಿ ಎಲ್ಲರೂ ಕೂತು ಮಾತಾಡೋಣ ಎಂದಿದ್ದಾರೆ.